ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಹಳೆಯ ಫೈಲ್ ತೆರೆಯುತ್ತಿಲ್ಲ: ಬೀಗ ಯಾವುದು, ಕೀಲಿ ಎಲ್ಲಿದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಸಾಗರ ತಾಲ್ಲೂಕಿನವಳು, ಶಾಲೆಯಲ್ಲಿ ಟೀಚರ್. ನಮ್ಮ ಲ್ಯಾಪ್‌ಟಾಪ್ ತುಂಬಾ ನಿಧಾನವಾಗಿತ್ತು. ಅಂಗಡಿಯಲ್ಲಿ ಕೊಟ್ಟಾಗ ವಿಂಡೋಸ್ 10 ಪ್ರೊ ಹೊಸದಾಗಿ ಹಾಕಿಕೊಟ್ಟರು. ಫಾರ್ಮ್ಯಾಟ್ ಮಾಡಿಲ್ಲ, ಹಳೆಯದೆಲ್ಲ ಸಿ ಡ್ರೈವ್‌ನಲ್ಲಿ ವಿಂಡೋಸ್.ಓಲ್ಡ್ ಅನ್ನುವ ಫೋಲ್ಡರ್ ಒಳಗಿದೆ ಎಂದರು. ಮೊದಲಿದ್ದ ಹೆಸರು, ಮೊದಲಿದ್ದ ಪಾಸ್‌ವರ್ಡ್‌ನಲ್ಲೇ ಅಕೌಂಟ್ ಮಾಡಿಕೊಂಡಿದ್ದೇನೆ. ಆದರೂ ಹಳೆಯ ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆಯಲು ಹೋದರೆ ‘ಪರ್ಮಿಶನ್ ಇಲ್ಲ’ ಎನ್ನುತ್ತದೆ. ಡಿ ಡ್ರೈವ್‌ನಲ್ಲಿ ‘ಮನೆ’ ಅಂತ ಇನ್ನೊಂದು ಫೋಲ್ಡರ್ ಇದೆ. ಅದು ತೆರೆಯುತ್ತದೆ, ಫೈಲ್‌ಗಳ ಹೆಸರೂ ಕಾಣುತ್ತದೆ, ಆದರೆ ಒಂದೊಂದರ ಮೇಲೂ ಪುಟ್ಟ ಬೀಗದ ಗುರುತು ಇದೆ, ಯಾವುದೂ ತೆರೆಯುವುದಿಲ್ಲ. ಅದರಲ್ಲಿ ಮಗಳ ಚಿಕ್ಕಂದಿನ ಫೋಟೋಗಳು, ನಮ್ಮಪ್ಪ ಕೈಯಲ್ಲಿ ಬರೆದ ವಂಶಾವಳಿಯ ಸ್ಕ್ಯಾನ್, ಪಹಣಿ ಎಲ್ಲ ಇವೆ. ಅಂಗಡಿಯವರು ‘ಫುಲ್ ಕಂಟ್ರೋಲ್ ಕೊಟ್ಟು ನೋಡಿದೆವು, ಬರಲಿಲ್ಲ, ಫೈಲ್ ಕರಪ್ಟ್ ಆಗಿರಬೇಕು’ ಎಂದರು. ಸಿ ಡ್ರೈವ್ ತುಂಬಿದೆ, ವಿಂಡೋಸ್.ಓಲ್ಡ್ ಅಳಿಸಿಬಿಡಿ ಎಂದೂ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲನೆಯದಾಗಿ, ವಿಂಡೋಸ್.ಓಲ್ಡ್ ಅಳಿಸಬೇಡಿ ಮೇಡಂ. ಈ ಉತ್ತರದ ಉಳಿದದ್ದನ್ನು ನಾಳೆ ಓದಿದರೂ ನಡೆಯುತ್ತದೆ, ಇದೊಂದನ್ನು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ. ನಿಮ್ಮ ‘ಮನೆ’ ಫೋಲ್ಡರಿನ ಕೀಲಿ ಬಹುತೇಕ ಅದರೊಳಗೇ ಇದೆ. ಫೋಟೋಗಳು ಡಿ ಡ್ರೈವ್‌ನಲ್ಲಿವೆ, ಕೀಲಿ ಸಿ ಡ್ರೈವ್‌ನಲ್ಲಿದೆ. ಅದನ್ನು ಕಸ ಎಂದು ಅಳಿಸಿದರೆ ಫೋಟೋಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ, ಆದರೆ ಯಾರಿಗೂ ತೆರೆಯಲು ಆಗುವುದಿಲ್ಲ.

ನೀವಾಗಿ ಅಳಿಸದಿದ್ದರೂ ಸಾಲದು. ವಿಂಡೋಸ್ ಅಪ್‌ಗ್ರೇಡ್ ಮಾಡಿದಾಗ ಉಳಿಯುವ ವಿಂಡೋಸ್.ಓಲ್ಡ್ ಫೋಲ್ಡರನ್ನು 10 ದಿನಗಳ ನಂತರ ವಿಂಡೋಸ್ ತಾನೇ ತೆಗೆದುಹಾಕುತ್ತದೆ. ನಿಮ್ಮದರಲ್ಲೂ ಹಾಗಾಗಬಹುದು ಎಂದೇ ತಿಳಿದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್‌ಗೆ ಹೋಗಿ ‘ಸ್ಟೋರೇಜ್ ಸೆನ್ಸ್’ ಆನ್ ಇದ್ದರೆ ಆಫ್ ಮಾಡಿ. ‘ಡಿಸ್ಕ್ ಕ್ಲೀನಪ್’ ಸದ್ಯಕ್ಕೆ ಮುಟ್ಟಬೇಡಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಎರಡು ದಿನದ ಮಟ್ಟಿಗೆ ತಂದಿಟ್ಟುಕೊಳ್ಳಿ. ಅದು ಬೇಕಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ನೀವು ಹೇಳಿದ ಎರಡು ಫೋಲ್ಡರ್‌ಗಳಿಗೆ ಬಿದ್ದಿರುವುದು ಎರಡು ಬೇರೆ ಬೇರೆ ಬೀಗ. ಅಂಗಡಿಯವರು ಒಂದು ಬೀಗದ ಉಪಾಯವನ್ನು ಇನ್ನೊಂದಕ್ಕೆ ಮಾಡಿದ್ದಾರೆ. ಅದಕ್ಕೇ ಬರಲಿಲ್ಲ. ಫೈಲ್ ಕರಪ್ಟ್ ಆಗಿದೆ ಅನ್ನಲು ಸದ್ಯಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಹಳೆಯ ಡಾಕ್ಯುಮೆಂಟ್ಸ್ ಫೋಲ್ಡರಿನ ಬೀಗ ಸುಲಭದ್ದು. ಅದು ಪರ್ಮಿಶನ್ ಬೀಗ. ವಿಂಡೋಸ್‌ನಲ್ಲಿ ಪ್ರತಿ ಫೈಲಿಗೂ ಒಬ್ಬ ಯಜಮಾನ ಇರುತ್ತಾನೆ. ಯಾರು ಓದಬಹುದು, ಯಾರು ತಿದ್ದಬಹುದು ಅನ್ನುವ ಒಂದು ಪಟ್ಟಿಯೂ ಅದರ ಜೊತೆಗಿರುತ್ತದೆ. ಆದರೆ ಆ ಪಟ್ಟಿಯಲ್ಲಿ ಬರೆದಿರುವುದು ನಿಮ್ಮ ಹೆಸರಲ್ಲ, ಒಂದು ಉದ್ದದ ನಂಬರು. ಅದನ್ನು ಸೆಕ್ಯುರಿಟಿ ಐಡೆಂಟಿಫೈಯರ್, ಚಿಕ್ಕದಾಗಿ ಎಸ್‌ಐಡಿ, ಎನ್ನುತ್ತಾರೆ. ‘ಎಸ್-1-5-21’ ಎಂದು ಶುರುವಾಗಿ, ನಡುವೆ ಮೂರು ದೊಡ್ಡ ಸಂಖ್ಯೆಗಳು ಬಂದು, ಕೊನೆಗೆ 1001 ಅಥವಾ 1002 ಎಂದು ಮುಗಿಯುತ್ತದೆ. ಆ ನಡುವಿನ ಮೂರು ಸಂಖ್ಯೆಗಳನ್ನು ವಿಂಡೋಸ್ ಹಾಕುವಾಗ ಕಂಪ್ಯೂಟರ್ ಹೊಸದಾಗಿ ಹುಟ್ಟಿಸುತ್ತದೆ.

ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಒಂದೇ ಊರಿನಲ್ಲಿ ಮಂಜುನಾಥ ಅನ್ನುವವರು ಹತ್ತು ಜನ ಇರಬಹುದು, ಆಧಾರ್ ನಂಬರ್ ಮಾತ್ರ ಬೇರೆ ಬೇರೆ, ಅಲ್ವಾ? ವಿಂಡೋಸ್ ನೋಡುವುದು ನಂಬರನ್ನು. ಹೊಸ ವಿಂಡೋಸ್‌ನ ಕಣ್ಣಿಗೆ ನೀವು ಅದೇ ಹೆಸರಿನ ಬೇರೆ ವ್ಯಕ್ತಿ.

ಇದನ್ನು ನೀವೇ ನೋಡಬಹುದು. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯಿರಿ, ಸೆಕ್ಯುರಿಟಿ ಟ್ಯಾಬ್ ಒತ್ತಿ. ‘ಅಕೌಂಟ್ ಅನ್‌ನೋನ್’ ಎಂದು ಬರೆದು ಪಕ್ಕದಲ್ಲಿ ಆ ಉದ್ದದ ನಂಬರ್ ಕಾಣುವ ಸಾಧ್ಯತೆ ಜಾಸ್ತಿ. ಆ ಅಪರಿಚಿತ ನಂಬರು ಯಾರದ್ದೋ ಅಲ್ಲ, ಹಳೆಯ ವಿಂಡೋಸ್‌ನಲ್ಲಿ ಇದ್ದ ನಿಮ್ಮದೇ. ಅದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮುಂದೆ ಅದಕ್ಕೆ ಒಂದು ಕೆಲಸವಿದೆ.

ಈ ಬೀಗ ತೆಗೆಯುವುದು ಜಮೀನಿನ ಖಾತೆ ಬದಲಾವಣೆ ಇದ್ದ ಹಾಗೆ. ಜಮೀನು ಅಲ್ಲೇ ಇದೆ, ದಾಖಲೆಯಲ್ಲಿ ಹಳೆಯ ಹೆಸರಿದೆ, ಅಧಿಕಾರ ಇರುವವರು ಹೆಸರು ಬದಲಾಯಿಸಬೇಕು. ಕಂಪ್ಯೂಟರಿನಲ್ಲಿ ಆ ಅಧಿಕಾರ ಅಡ್ಮಿನಿಸ್ಟ್ರೇಟರ್‌ಗೆ ಇರುತ್ತದೆ. ವಿಂಡೋಸ್ ಹಾಕಿದ ಮೇಲೆ ಮೊದಲು ಮಾಡಿದ ಅಕೌಂಟ್ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ, ಆದ್ದರಿಂದ ನಿಮಗೆ ಆ ಹಕ್ಕು ಈಗಾಗಲೇ ಇದೆ.

ಮೊದಲು ಸುಮ್ನೆ ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿ. ‘ಕಂಟಿನ್ಯೂ’ ಬಟನ್ ಇರುವ ಸಂದೇಶ ಬಂದರೆ ಅದನ್ನು ಒತ್ತಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಫೋಲ್ಡರ್ ದೊಡ್ಡದಿದ್ದರೆ ಹಸಿರು ಪಟ್ಟಿ ನಿಧಾನವಾಗಿ ಓಡುತ್ತದೆ, ಕಾಯಿರಿ, ನಡುವೆ ನಿಲ್ಲಿಸಬೇಡಿ.

ಅದಕ್ಕೂ ಬಗ್ಗದೆ ‘ಸೆಕ್ಯುರಿಟಿ ಟ್ಯಾಬ್ ಬಳಸಿ’ ಎಂದು ಹೇಳಿದರೆ ಯಜಮಾನಿಕೆ ಬದಲಾಯಿಸಬೇಕು. ಪ್ರಾಪರ್ಟೀಸ್, ಸೆಕ್ಯುರಿಟಿ, ಆಮೇಲೆ ಕೆಳಗಿನ ಅಡ್ವಾನ್ಸ್‌ಡ್ ಬಟನ್. ತೆರೆದ ಕಿಟಕಿಯ ಮೇಲ್ಭಾಗದಲ್ಲಿ ಓನರ್ ಎಂದಿರುತ್ತದೆ, ಅದರ ಪಕ್ಕದ ಚೇಂಜ್ ಒತ್ತಿ. ಖಾಲಿ ಜಾಗದಲ್ಲಿ ನಿಮ್ಮ ಈಗಿನ ಅಕೌಂಟ್ ಹೆಸರು ಬರೆದು ‘ಚೆಕ್ ನೇಮ್ಸ್’ ಒತ್ತಿ. ಹೆಸರಿನ ಕೆಳಗೆ ಗೆರೆ ಬಿದ್ದರೆ ವಿಂಡೋಸ್ ಗುರುತು ಹಿಡಿಯಿತು ಎಂದರ್ಥ. ಓಕೆ ಕೊಟ್ಟ ಮೇಲೆ ಓನರ್ ಹೆಸರಿನ ಕೆಳಗೆ ‘ರಿಪ್ಲೇಸ್ ಓನರ್ ಆನ್ ಸಬ್‌ಕಂಟೇನರ್ಸ್ ಅಂಡ್ ಆಬ್ಜೆಕ್ಟ್ಸ್’ ಎಂಬ ಚೌಕ ಕಾಣುತ್ತದೆ, ಅದಕ್ಕೆ ಟಿಕ್ ಹಾಕಿ ಅಪ್ಲೈ ಮಾಡಿ. ಈ ಟಿಕ್ ಮರೆತರೆ ಹೊರಗಿನ ಫೋಲ್ಡರ್ ಮಾತ್ರ ನಿಮ್ಮದಾಗುತ್ತದೆ, ಒಳಗಿನವು ಹಾಗೇ ಉಳಿಯುತ್ತವೆ. ಜಾಸ್ತಿ ಜನ ಎಡವುವುದು ಇಲ್ಲೇ.

ಯಜಮಾನಿಕೆ ಬಂದ ಮಾತ್ರಕ್ಕೆ ಓದುವ ಹಕ್ಕು ಬಂದ ಹಾಗಲ್ಲ. ಎಲ್ಲ ಕಿಟಕಿ ಮುಚ್ಚಿ, ಅದೇ ಅಡ್ವಾನ್ಸ್‌ಡ್ ಜಾಗಕ್ಕೆ ಮತ್ತೆ ಬನ್ನಿ. ಆ್ಯಡ್ ಒತ್ತಿ, ‘ಸೆಲೆಕ್ಟ್ ಎ ಪ್ರಿನ್ಸಿಪಲ್’ ಎಂಬಲ್ಲಿ ನಿಮ್ಮ ಹೆಸರು ಕೊಟ್ಟು, ‘ಫುಲ್ ಕಂಟ್ರೋಲ್’ ಟಿಕ್ ಮಾಡಿ, ಓಕೆ, ಅಪ್ಲೈ. ಕೆಲವು ಫೈಲ್ ಇನ್ನೂ ಹಟ ಮಾಡಿದರೆ ಅದೇ ಕಿಟಕಿಯ ಅಡಿಯಲ್ಲಿ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಎಂದು ಶುರುವಾಗುವ ಚೌಕಕ್ಕೂ ಟಿಕ್ ಹಾಕಿ. ಇದೇ ಕೆಲಸವನ್ನು ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೇಕ್‌ಓನ್ ಮತ್ತು ಐಕ್ಯಾಕಲ್ಸ್ ಎಂಬ ಎರಡು ಆಜ್ಞೆಗಳಿಂದ ಮಾಡಬಹುದು. ಆದರೆ ಒಂದೆರಡು ಫೋಲ್ಡರ್‌ಗೆ ಅದು ಬೇಕಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ನಿಮ್ಮ ಫೈಲ್ ಇರುವ ಫೋಲ್ಡರ್‌ಗೆ ಮಾತ್ರ ಮಾಡಿ. ಇಡೀ ಸಿ ಡ್ರೈವ್‌ಗೆ, ಅಥವಾ ಈಗ ಓಡುತ್ತಿರುವ ವಿಂಡೋಸ್ ಫೋಲ್ಡರ್‌ಗೆ ಮಾಡಬೇಡಿ. ಅಲ್ಲಿನ ಫೈಲ್‌ಗಳಿಗೆ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಯಜಮಾನ ಬೇಕೆಂದೇ ಇದ್ದಾನೆ. ಅವನನ್ನು ಎತ್ತಿದರೆ ಅಪ್‌ಡೇಟ್‌ಗಳು ಕೆಡಬಹುದು, ಸ್ಟಾರ್ಟ್ ಮೆನು ಕೂಡ ಕೈಕೊಡಬಹುದು. ಇಡೀ ಡ್ರೈವ್‌ಗೆ ಹೀಗೆ ಮಾಡಿ, ಮತ್ತೊಮ್ಮೆ ವಿಂಡೋಸ್ ಹಾಕಿಸಬೇಕಾಗಿ ಬಂದವರನ್ನು ನಾನು ನೋಡಿದ್ದೇನೆ. ಫೋಲ್ಡರ್ ತೆರೆದ ಮೇಲೆ ಫೈಲ್‌ಗಳನ್ನು ಕಟ್ ಮಾಡಬೇಡಿ, ಕಾಪಿ ಮಾಡಿ ಡಿ ಡ್ರೈವ್‌ನ ಹೊಸ ಫೋಲ್ಡರ್‌ಗೆ ಹಾಕಿ. ಕಾಪಿ ಮಾಡಿದ ಫೈಲ್ ಹೊಸ ಜಾಗದ ಪರ್ಮಿಶನ್ ಪಡೆಯುತ್ತದೆ, ಮೂಲವೂ ಕೈಯಲ್ಲಿ ಉಳಿಯುತ್ತದೆ.

ಈಗ ‘ಮನೆ’ ಫೋಲ್ಡರ್. ನನಗೆ ಚಿಂತೆ ಇರುವುದು ಇದರ ಬಗ್ಗೆ.

ಫೈಲ್ ಗುರುತಿನ ಮೂಲೆಯಲ್ಲಿ ಬೀಗ ಕಂಡರೆ ಅದು ಇಎಫ್‌ಎಸ್, ಅಂದರೆ ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್. ವಿಂಡೋಸ್ 2000ದಿಂದಲೂ ಇದು ಇದೆ. ಹಳೆಯ ವಿಂಡೋಸ್‌ಗಳಲ್ಲಿ ಇಂಥ ಫೈಲಿನ ಹೆಸರು ಹಸಿರು ಅಕ್ಷರದಲ್ಲಿ ಕಾಣುತ್ತಿತ್ತು. ಒಂದು ಫೈಲಿನ ಪ್ರಾಪರ್ಟೀಸ್ ತೆಗೆದು, ಮೊದಲ ಟ್ಯಾಬ್‌ನಲ್ಲೇ ಇರುವ ಅಡ್ವಾನ್ಸ್‌ಡ್ ಒತ್ತಿ ನೋಡಿ. ‘ಎನ್‌ಕ್ರಿಪ್ಟ್ ಕಂಟೆಂಟ್ಸ್ ಟು ಸೆಕ್ಯೂರ್ ಡೇಟಾ’ ಎಂಬುದಕ್ಕೆ ಟಿಕ್ ಇದ್ದರೆ ಅನುಮಾನವೇ ಬೇಡ. ಆ ಟಿಕ್ ತೆಗೆದರೆ ಸರಿಹೋಗುತ್ತದೆ ಎಂದು ಅನಿಸಬಹುದು. ಆಗುವುದಿಲ್ಲ, ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ. ಟಿಕ್ ತೆಗೆಯಲಿಕ್ಕೂ ಕೀಲಿ ಬೇಕು.

ಎರಡು ಬೀಗಗಳ ವ್ಯತ್ಯಾಸ ಹೀಗೆ. ಪರ್ಮಿಶನ್ ಬೀಗದಲ್ಲಿ ಬಾಗಿಲಲ್ಲಿ ಕಾವಲುಗಾರ ಇರುತ್ತಾನೆ, ಒಳಗಿನ ಕಾಗದ ಮಾಮೂಲಿ ಕಾಗದವೇ. ಇಎಫ್‌ಎಸ್‌ನಲ್ಲಿ ಕಾಗದದ ಮೇಲಿನ ಬರಹವೇ ಬೇರೆಯಾಗಿಬಿಟ್ಟಿರುತ್ತದೆ. ಕಾವಲುಗಾರನನ್ನು ಬದಲಾಯಿಸಿ ಒಳಗೆ ಹೋದರೂ ಓದಲು ಬರುವುದಿಲ್ಲ. ಅಂಗಡಿಯವರು ‘ಫುಲ್ ಕಂಟ್ರೋಲ್’ ಕೊಟ್ಟಾಗ ಆಗಿದ್ದು ಇದೇ.

ಇದನ್ನು ಪರೀಕ್ಷೆ ಮಾಡಿಯೂ ನೋಡಬಹುದು. ಉಬುಂಟು ಎಂಬ ಲಿನಕ್ಸನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು, ಲ್ಯಾಪ್‌ಟಾಪ್‌ಗೆ ಇನ್‌ಸ್ಟಾಲ್ ಮಾಡದೆ, ಪೆನ್ ಡ್ರೈವ್‌ನಿಂದಲೇ ಶುರು ಮಾಡಿ. ಅದು ವಿಂಡೋಸ್‌ನ ಪರ್ಮಿಶನ್ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಹಳೆಯ ಡಾಕ್ಯುಮೆಂಟ್ಸ್ ಅಲ್ಲಿ ಸಲೀಸಾಗಿ ತೆರೆಯುತ್ತದೆ, ಕಾಪಿಯೂ ಆಗುತ್ತದೆ. ‘ಮನೆ’ ಫೋಲ್ಡರಿನ ಫೋಟೋ ಅಲ್ಲೂ ತೆರೆಯುವುದಿಲ್ಲ. ಪರ್ಮಿಶನ್ ಕೆಲಸ ವಿಂಡೋಸ್‌ನಲ್ಲಿ ಮಾಡಲು ಭಯ ಅನಿಸುವವರಿಗೂ ಇದು ಒಳ್ಳೆಯ ದಾರಿ.

ನಾನು ಎನ್‌ಕ್ರಿಪ್ಟ್ ಮಾಡಿಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಯಾವಾಗಲೋ ಯಾರೋ ಭದ್ರವಾಗಿರಲಿ ಎಂದು ಆ ಒಂದು ಟಿಕ್ ಹಾಕಿರುತ್ತಾರೆ. ಆಮೇಲೆ ಅದರ ನೆನಪೇ ಇರುವುದಿಲ್ಲ. ಯಾಕೆಂದರೆ ಇಎಫ್‌ಎಸ್ ಪಾಸ್‌ವರ್ಡ್ ಕೇಳುವುದಿಲ್ಲ. ನೀವು ಲಾಗಿನ್ ಆದ ತಕ್ಷಣ ಕೀಲಿ ತಾನಾಗಿ ಸಿದ್ಧವಾಗುತ್ತದೆ, ಫೋಟೋ ಮಾಮೂಲಿಯಂತೆ ತೆರೆಯುತ್ತದೆ. ಮೊದಲ ಸಲ ಎನ್‌ಕ್ರಿಪ್ಟ್ ಮಾಡಿದಾಗ ಪರದೆಯ ಮೂಲೆಯಲ್ಲಿ ‘ಕೀಲಿ ಬ್ಯಾಕಪ್ ಮಾಡಿಕೊಳ್ಳಿ’ ಎಂಬ ಚಿಕ್ಕ ಸಂದೇಶ ಬರುತ್ತದೆ. ಅದನ್ನು ಓದಿ ಮಾಡಿಕೊಂಡವರು ತೀರಾ ಕಡಿಮೆ. ನಿಮ್ಮ ತಪ್ಪು ಎಂದು ಇದನ್ನು ಹೇಳುತ್ತಿಲ್ಲ. ಇಷ್ಟು ಮುಖ್ಯವಾದ ಮಾತನ್ನು ಮೂಲೆಯಲ್ಲಿ ಒಂದು ಗಳಿಗೆ ತೋರಿಸಿ ಬಿಟ್ಟರೆ ಯಾರಿಗೆ ಗೊತ್ತಾಗಬೇಕು?

ಕೀಲಿ ಎಲ್ಲಿರುತ್ತದೆ ಎಂದು ತಿಳಿದರೆ ನಾನು ವಿಂಡೋಸ್.ಓಲ್ಡ್ ಬಗ್ಗೆ ಯಾಕೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ ಎಂದು ಅರ್ಥವಾಗುತ್ತದೆ. ಒಂದರೊಳಗೆ ಒಂದು ಡಬ್ಬಿ ಇಟ್ಟಂತೆ ಯೋಚಿಸಿ. ಪ್ರತಿ ಫೋಟೋಗೂ ಅದರದೇ ಒಂದು ಕೀಲಿ ಇದೆ, ಅದು ಫೋಟೋದ ಜೊತೆಯಲ್ಲೇ ಇರುತ್ತದೆ, ಆದರೆ ಮುಚ್ಚಿಟ್ಟಿರುತ್ತದೆ. ಅದನ್ನು ಬಿಚ್ಚಲು ನಿಮ್ಮ ಅಕೌಂಟಿನ ಖಾಸಗಿ ಕೀಲಿ ಬೇಕು. ಆ ಖಾಸಗಿ ಕೀಲಿ ನಿಮ್ಮ ಯೂಸರ್ ಫೋಲ್ಡರಿನ ಒಳಗೆ ಒಂದು ಫೈಲ್ ಆಗಿ ಇರುತ್ತದೆ, ಅದೂ ಮುಚ್ಚಿಟ್ಟಿದ್ದೇ. ಅದನ್ನು ಬಿಚ್ಚಲು ಮಾಸ್ಟರ್ ಕೀ ಎಂಬ ಇನ್ನೊಂದು ಫೈಲ್ ಬೇಕು. ಮಾಸ್ಟರ್ ಕೀ ಬಿಚ್ಚಿಕೊಳ್ಳಲು ಬೇಕಾದ್ದು ನಿಮ್ಮ ಹಳೆಯ ಪಾಸ್‌ವರ್ಡ್ ಮತ್ತು ಹಳೆಯ ಎಸ್‌ಐಡಿ ನಂಬರು. ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ ಎಂದೆನಲ್ಲ, ಅದೇ ನಂಬರು.

ಅಂದರೆ ಬೇಕಾಗಿರುವುದು ಹಳೆಯ ಯೂಸರ್ ಫೋಲ್ಡರ್ ಮತ್ತು ಹಳೆಯ ಪಾಸ್‌ವರ್ಡ್. ಫಾರ್ಮ್ಯಾಟ್ ಮಾಡಿಲ್ಲ ಎಂದಿದ್ದೀರಿ, ಪಾಸ್‌ವರ್ಡ್ ನೆನಪಿದೆ ಎಂದಿದ್ದೀರಿ. ನನಗೆ ಧೈರ್ಯ ಬಂದಿದ್ದು ಈ ಎರಡು ಮಾತಿನಿಂದ.

ಈಗ ಮಾಡಬೇಕಾದ್ದು ಇದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಿಂದ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ಅಡಗಿದ ಫೈಲ್‌ಗಳನ್ನು ತೋರಿಸು ಎಂಬುದನ್ನು ಆರಿಸಿ. ಅದರ ಸ್ವಲ್ಪ ಕೆಳಗೆ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂದಿದೆ, ಅದರ ಟಿಕ್ ತೆಗೆಯಿರಿ. ಎಚ್ಚರಿಕೆ ಕೇಳುತ್ತದೆ, ಯೆಸ್ ಎನ್ನಿ. ಈಗ ವಿಂಡೋಸ್.ಓಲ್ಡ್ ಒಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹಳೆಯ ಹೆಸರು, ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ಹೀಗೆ ಒಂದೊಂದಾಗಿ ಒಳಗೆ ಹೋಗಿ. ಮೇಲೆ ಹೇಳಿದ ಪರ್ಮಿಶನ್ ಅಡ್ಡ ಬಂದರೆ ‘ಕಂಟಿನ್ಯೂ’ ಒತ್ತುತ್ತಾ ಹೋಗಿ. ಅಲ್ಲಿ ಮೂರು ಫೋಲ್ಡರ್ ಹುಡುಕಿ. ಕ್ರಿಪ್ಟೋ, ಪ್ರೊಟೆಕ್ಟ್, ಸಿಸ್ಟಮ್‌ಸರ್ಟಿಫಿಕೇಟ್ಸ್. ಕ್ರಿಪ್ಟೋದಲ್ಲಿ ಖಾಸಗಿ ಕೀಲಿ ಇರುತ್ತದೆ, ಪ್ರೊಟೆಕ್ಟ್‌ನಲ್ಲಿ ಮಾಸ್ಟರ್ ಕೀ, ಮೂರನೆಯದರಲ್ಲಿ ಸರ್ಟಿಫಿಕೇಟ್. ಪ್ರೊಟೆಕ್ಟ್ ತೆರೆದರೆ ಒಳಗೆ ಇನ್ನೊಂದು ಫೋಲ್ಡರ್ ಇದೆ. ಅದರ ಹೆಸರು ನೋಡಿ. ‘ಅಕೌಂಟ್ ಅನ್‌ನೋನ್’ ಪಕ್ಕದಲ್ಲಿ ನೀವು ಕಂಡ ಅದೇ ಉದ್ದದ ನಂಬರು ಅಲ್ಲಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಈ ಮೂರು ಫೋಲ್ಡರ್ ಮಾತ್ರವಲ್ಲ, ನಿಮ್ಮ ಹಳೆಯ ಹೆಸರಿನ ಇಡೀ ಯೂಸರ್ ಫೋಲ್ಡರನ್ನೇ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಜೊತೆಗೆ ವಿಂಡೋಸ್.ಓಲ್ಡ್ ಒಳಗಿನ ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಫೋಲ್ಡರ್ ಕೂಡ. ಹಳೆಯ ಅಕೌಂಟ್‌ಗಳ ವಿವರ ಅದರಲ್ಲಿದೆ, ಕೆಲವು ಸಾಧನಗಳು ಅದನ್ನೂ ಕೇಳುತ್ತವೆ. ಡಿ ಡ್ರೈವ್‌ನ ‘ಮನೆ’ ಫೋಲ್ಡರ್ ಮಾತ್ರ ಕಾಪಿ ಆಗುವುದಿಲ್ಲ. ಕೀಲಿ ಇಲ್ಲದೆ ವಿಂಡೋಸ್ ಅದನ್ನು ಕಾಪಿ ಮಾಡಲು ಬಿಡುವುದಿಲ್ಲ. ಅದನ್ನು ಇದ್ದಲ್ಲೇ ಬಿಡಿ. ಡಿ ಡ್ರೈವ್‌ಗೆ ಮಾತ್ರ ಫಾರ್ಮ್ಯಾಟ್, ಪಾರ್ಟಿಷನ್ ಬದಲಾವಣೆ ಯಾವುದನ್ನೂ ಮಾಡಿಸಬೇಡಿ.

ಈ ಕೆಲಸ ಮಾಡುವಾಗ ಒಂದು ಗಾಬರಿ ಆಗಬಹುದು, ಮೊದಲೇ ಹೇಳಿಬಿಡುತ್ತೇನೆ. ಅಡಗಿದ ಫೈಲ್ ತೋರಿಸಿದ ಮೇಲೆ ಹಳೆಯ ಡಾಕ್ಯುಮೆಂಟ್ಸ್ ಒಳಗೆ ‘ಮೈ ಮ್ಯೂಸಿಕ್’, ‘ಮೈ ಪಿಕ್ಚರ್ಸ್’ ಎಂಬ ಮಸುಕಾದ ಫೋಲ್ಡರ್‌ಗಳು ಕಾಣುತ್ತವೆ. ಒತ್ತಿದರೆ ‘ಆಕ್ಸೆಸ್ ಡಿನೈಡ್’. ಅವು ನಿಜವಾದ ಫೋಲ್ಡರ್‌ಗಳಲ್ಲ, ಹಳೆಯ ಕಾಲದ ಪ್ರೋಗ್ರಾಮ್‌ಗಳಿಗೆ ದಾರಿ ತೋರಿಸುವ ಕೈಮರಗಳು. ಎಲ್ಲರಿಗೂ ಮುಚ್ಚಿಯೇ ಇರುತ್ತವೆ. ಅವುಗಳ ಮೇಲೆ ಸಮಯ ಕಳೆಯಬೇಡಿ.

ಕಾಪಿ ಮುಗಿದ ಮೇಲೆ ನೆಮ್ಮದಿಯಿಂದ ಮುಂದಿನದನ್ನು ನೋಡಬಹುದು. ಮೊದಲು ಸುಲಭದ ಸಾಧ್ಯತೆಗಳು. ಪಿಎಫ್‌ಎಕ್ಸ್ ಎಂದು ಕೊನೆಯಾಗುವ ಯಾವುದಾದರೂ ಫೈಲ್ ಇದೆಯಾ ಹುಡುಕಿ. ಹಳೆಯ ಯೂಸರ್ ಫೋಲ್ಡರ್, ಡಿ ಡ್ರೈವ್, ಮನೆಯಲ್ಲಿರುವ ಎಲ್ಲ ಪೆನ್ ಡ್ರೈವ್‌ಗಳಲ್ಲೂ ನೋಡಿ. ಇಎಫ್‌ಎಸ್ ಕೀಲಿಯನ್ನು ಬ್ಯಾಕಪ್ ಮಾಡಿದರೆ ಆ ಹೆಸರಿನ ಫೈಲ್ ಆಗಿ ಬರುತ್ತದೆ. ಯಾರಾದರೂ ಮಾಡಿಟ್ಟಿದ್ದರೆ ಡಬಲ್ ಕ್ಲಿಕ್ ಮಾಡಿ, ಆಗ ಇಟ್ಟಿದ್ದ ಪಾಸ್‌ವರ್ಡ್ ಕೊಟ್ಟು ಇಂಪೋರ್ಟ್ ಮಾಡಿದರೆ ಮುಗಿಯಿತು, ಫೋಟೋಗಳು ಆ ಕ್ಷಣವೇ ತೆರೆಯುತ್ತವೆ. ಹಾಗೆಯೇ, ನೀವು ಹಿಂದೆ ಯಾವಾಗಲಾದರೂ ಈ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ಅಥವಾ ಇಮೇಲ್ ಮಾಡಿದ್ದರೆ ಆ ಪ್ರತಿಗಳಿಗೆ ಬೀಗ ಇರುವುದಿಲ್ಲ. ಕಳಿಸುವಾಗಲೇ ಬಿಚ್ಚಿಕೊಂಡು ಹೋಗಿರುತ್ತವೆ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಲು ಕೊಟ್ಟ ಪೆನ್ ಡ್ರೈವ್ ಇದ್ದರೆ ಅದನ್ನೂ ನೋಡಿ. ಪಹಣಿಯ ಬಗ್ಗೆ ಚಿಂತೆ ಬೇಡ, ಅದು ಭೂಮಿ ತಂತ್ರಾಂಶದಿಂದ ಮತ್ತೆ ಸಿಗುತ್ತದೆ. ಅಪ್ಪನ ಕೈಬರಹದ ಮೂಲ ಪ್ರತಿ ಮನೆಯ ಯಾವುದಾದರೂ ಪೆಟ್ಟಿಗೆಯಲ್ಲಿದೆಯಾ ಎಂದು ಒಮ್ಮೆ ಹುಡುಕಿಸಿ.

ಪಿಎಫ್‌ಎಕ್ಸ್ ಸಿಗದಿದ್ದರೆ ಹಳೆಯ ಫೋಲ್ಡರ್‌ನಿಂದ ಕೀಲಿಯನ್ನು ಹೊರತೆಗೆಯಬೇಕು. ಇದಕ್ಕೆ ಮೈಕ್ರೋಸಾಫ್ಟ್‌ನದೇ ಬಟನ್ ಇಲ್ಲ. ಎಲ್ಕಾಮ್‌ಸಾಫ್ಟ್ ಎಂಬ ಕಂಪನಿಯ ‘ಅಡ್ವಾನ್ಸ್‌ಡ್ ಇಎಫ್‌ಎಸ್ ಡೇಟಾ ರಿಕವರಿ’ ಎಂಬ ಪ್ರೋಗ್ರಾಮ್ ಇದೇ ಕೆಲಸಕ್ಕೆಂದು ಇದೆ, ದುಡ್ಡು ಕೊಟ್ಟು ಕೊಳ್ಳಬೇಕು. ಅದು ಡಿಸ್ಕಿನಲ್ಲಿ ಕೀಲಿಗಳನ್ನು ಹುಡುಕಿ, ಹಳೆಯ ಪಾಸ್‌ವರ್ಡ್ ಕೇಳಿ, ಫೈಲ್‌ಗಳನ್ನು ಬಿಚ್ಚಿಕೊಡುತ್ತದೆ. ಭದ್ರತಾ ಕ್ಷೇತ್ರದವರು ಬಳಸುವ ಉಚಿತ ಸಾಧನಗಳಿಂದಲೂ ಇದು ಸಾಧ್ಯ. ಆದರೆ ಅವು ಕಮಾಂಡ್ ಬಲ್ಲವರಿಗೆ, ಆಂಟಿವೈರಸ್ ಕೂಡ ಅವನ್ನು ತಡೆಯುತ್ತದೆ. ಅದನ್ನು ನೀವೇ ಮಾಡಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ಕಡೆ ಡೇಟಾ ರಿಕವರಿಯನ್ನೇ ಮಾಡುವವರು ಇದ್ದಾರೆ. ಅವರ ಹತ್ತಿರ ಹೋದಾಗ ‘ಫೈಲ್ ತೆರೆಯುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಇಎಫ್‌ಎಸ್ ಎನ್‌ಕ್ರಿಪ್ಶನ್ ಆಗಿದೆ, ಹಳೆಯ ಪ್ರೊಫೈಲ್ ಇದೆ, ಹಳೆಯ ಪಾಸ್‌ವರ್ಡ್ ಗೊತ್ತಿದೆ’ ಎಂದು ಇದೇ ಮಾತಿನಲ್ಲಿ ಹೇಳಿ. ಕೆಲಸ ಬಲ್ಲವರಿಗೆ ಇಷ್ಟು ಸಾಕು. ಇದನ್ನು ಕೇಳಿಯೂ ‘ಪರ್ಮಿಶನ್ ಕೊಟ್ಟು ನೋಡೋಣ’ ಎನ್ನುವವರಿಗೆ ಡಿಸ್ಕ್ ಕೊಡಬೇಡಿ.

ಪಾಸ್‌ವರ್ಡ್ ಎಂದಾಗ ನಾಲ್ಕಂಕಿಯ ಪಿನ್ ಅಲ್ಲ, ಬೆರಳಚ್ಚೂ ಅಲ್ಲ, ಹಳೆಯ ಅಕೌಂಟಿನ ನಿಜವಾದ ಪಾಸ್‌ವರ್ಡ್. ನಿಮ್ಮ ಮಾತಿನಿಂದ ಅದು ಕಂಪ್ಯೂಟರಿನಲ್ಲೇ ಮಾಡಿದ ಲೋಕಲ್ ಅಕೌಂಟ್ ಎಂದು ಊಹಿಸುತ್ತೇನೆ, ಹಾಗಿದ್ದರೆ ಒಳ್ಳೆಯದು. ಇಮೇಲ್ ಕೊಟ್ಟು ಮಾಡಿದ ಮೈಕ್ರೋಸಾಫ್ಟ್ ಅಕೌಂಟ್ ಆಗಿದ್ದರೆ ಕೆಲಸ ಇನ್ನಷ್ಟು ತೊಡಕಿನದು, ರಿಕವರಿಯವರಿಗೆ ಅದನ್ನೂ ಮೊದಲೇ ತಿಳಿಸಿ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕೀಲಿ, ಪಾಸ್‌ವರ್ಡ್ ಏನೂ ಇಲ್ಲದೆ ಇಎಫ್‌ಎಸ್ ತೆರೆಯುತ್ತೇವೆ ಎನ್ನುವವರು ಸಿಗುತ್ತಾರೆ. ನಂಬಬೇಡಿ. ಈಗಿನ ವಿಂಡೋಸ್ ಇದಕ್ಕೆ ಬಳಸುವುದು 256 ಬಿಟ್‌ನ ಎಇಎಸ್ ಎನ್‌ಕ್ರಿಪ್ಶನ್. ಕೀಲಿ ಇಲ್ಲದೆ ಅದನ್ನು ಒಡೆಯುವ ದಾರಿ ಯಾರಿಗೂ ಗೊತ್ತಿಲ್ಲ. ಕಷ್ಟದಲ್ಲಿರುವವರ ಹತ್ತಿರ ದುಡ್ಡು ಕೀಳುವ ಇಂಥ ಮಾತು ಕೇಳಿದರೆ ನನಗೆ ತುಂಬಾ ಬೇಜಾರಾಗುತ್ತದೆ.

ಇದೇ ತೊಂದರೆಯಲ್ಲಿರುವ ಬೇರೆ ಓದುಗರಿಗೂ ಎರಡು ಮಾತು. ನಿಮ್ಮದು ಸಿ ಡ್ರೈವ್ ಫಾರ್ಮ್ಯಾಟ್ ಆಗಿಹೋಗಿದ್ದರೆ, ಆ ಕಂಪ್ಯೂಟರನ್ನು ಈಗಲೇ ಆಫ್ ಮಾಡಿ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಅಳಿದುಹೋದ ಕೀಲಿ ಫೈಲ್‌ಗಳು ಹೊಸ ವಿಂಡೋಸ್‌ನ ಅಡಿಯಲ್ಲಿ ಎಲ್ಲಾದರೂ ಉಳಿದಿರಬಹುದು. ಬಳಸುತ್ತಾ ಹೋದಷ್ಟೂ ಅದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಎಸ್‌ಎಸ್‌ಡಿ ಆದರೆ ಭರವಸೆ ತೀರಾ ಕಡಿಮೆ. ಖಾಲಿಯಾದ ಜಾಗವನ್ನು ಅದು ಟ್ರಿಮ್ ಎಂಬ ವ್ಯವಸ್ಥೆಯಿಂದ ತಾನೇ ಸ್ವಚ್ಛ ಮಾಡಿಬಿಡುತ್ತದೆ. ಇನ್ನು ಕೆಲವರಿಗೆ ವಿಂಡೋಸ್ ಹೊಸದಾಗಿ ಹಾಕದೆಯೇ ಈ ತೊಂದರೆ ಬರುತ್ತದೆ. ಪಾಸ್‌ವರ್ಡ್ ಮರೆತು, ಅಂಗಡಿಯಲ್ಲಿ ಯಾವುದೋ ಸಾಧನದಿಂದ ರಿಸೆಟ್ ಮಾಡಿಸಿರುತ್ತಾರೆ. ನಾವೇ ಹಳೆಯದನ್ನು ಕೊಟ್ಟು ಹೊಸದು ಇಟ್ಟುಕೊಂಡರೆ ಮಾಸ್ಟರ್ ಕೀ ಕೂಡ ಹೊಸ ಪಾಸ್‌ವರ್ಡ್‌ಗೆ ಹೊಂದಿಕೊಳ್ಳುತ್ತದೆ. ಹೊರಗಿನಿಂದ ರಿಸೆಟ್ ಮಾಡಿದರೆ ಹೊಂದಿಕೊಳ್ಳುವುದಿಲ್ಲ. ಹಳೆಯ ಪಾಸ್‌ವರ್ಡ್ ನೆನಪಾದರೆ ಅದನ್ನೇ ಮತ್ತೆ ಇಟ್ಟು ನೋಡಿ, ಫೈಲ್‌ಗಳು ತೆರೆದುಕೊಳ್ಳಬಹುದು.

ಇಡೀ ಡ್ರೈವ್‌ಗೇ ಬೀಗ ಬಿದ್ದು 48 ಅಂಕಿಯ ಕೀಲಿ ಕೇಳುತ್ತಿದ್ದರೆ ಅದು ಮೂರನೆಯ ಬಗೆ, ಬಿಟ್‌ಲಾಕರ್. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆದಾಗ ನಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರುತ್ತದೆ. ಹಾಗೆ ಆನ್ ಆದಾಗ ಕೀಲಿ ಅದೇ ಅಕೌಂಟಿಗೆ ಹೋಗಿ ಕೂತಿರುತ್ತದೆ. ಬೇರೆ ಕಂಪ್ಯೂಟರ್ ಅಥವಾ ಮೊಬೈಲಿನಿಂದ ಮೈಕ್ರೋಸಾಫ್ಟ್ ಅಕೌಂಟಿಗೆ ಸೈನ್ ಇನ್ ಆಗಿ, ಡಿವೈಸಸ್ ವಿಭಾಗದಲ್ಲಿ ಬಿಟ್‌ಲಾಕರ್ ರಿಕವರಿ ಕೀ ನೋಡಿ. ಪರದೆಯ ಮೇಲೆ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದಿದರೆ ಅದೇ ಕೀಲಿ. ಹಿಂದೆ ಕೈಯಲ್ಲಿ ಬರೆದಿಟ್ಟ ಕೀಲಿ ಕೆಲಸ ಮಾಡದಿದ್ದರೆ ಒಂದು ಲೆಕ್ಕ ಮಾಡಿ. ಅದರಲ್ಲಿ ಆರಾರು ಅಂಕಿಯ ಎಂಟು ಗುಂಪು ಇರುತ್ತವೆ. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಉದಾಹರಣೆಗೆ 135795 ಸರಿ, 11ರಿಂದ ಭಾಗಿಸಿದರೆ 12345 ಬರುತ್ತದೆ. ಯಾವ ಗುಂಪು ಭಾಗವಾಗುವುದಿಲ್ಲವೋ ಬರೆದುಕೊಳ್ಳುವಾಗ ತಪ್ಪಾಗಿದ್ದು ಅಲ್ಲೇ. 1 ಮತ್ತು 7, 3 ಮತ್ತು 8 ಅದಲುಬದಲು ಆಗಿದೆಯಾ ನೋಡಿ.

ಮತ್ತೆ ನಿಮ್ಮ ವಿಷಯಕ್ಕೆ, ಮೇಡಂ. ಕೀಲಿ ಸಿಕ್ಕಿ ‘ಮನೆ’ ಫೋಲ್ಡರ್ ತೆರೆದ ದಿನವೇ, ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಆ ಎನ್‌ಕ್ರಿಪ್ಟ್ ಟಿಕ್ ತೆಗೆದು, ಒಳಗಿನ ಎಲ್ಲ ಫೈಲ್‌ಗೂ ಅನ್ವಯಿಸು ಎಂದು ಹೇಳಿ. ಮನೆಯ ಫೋಟೋಗಳಿಗೆ ಇಎಫ್‌ಎಸ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಳ್ಳರಿಗಿಂತ ಮನೆಯವರನ್ನೇ ಅದು ಹೊರಗಿಟ್ಟಿದ್ದನ್ನು ಜಾಸ್ತಿ ನೋಡಿದ್ದೇನೆ. ಬೇಕೇ ಬೇಕು ಎಂದಾದರೆ, ಸ್ಟಾರ್ಟ್ ಮೆನುವಿನಲ್ಲಿ ‘ಮ್ಯಾನೇಜ್ ಫೈಲ್ ಎನ್‌ಕ್ರಿಪ್ಶನ್ ಸರ್ಟಿಫಿಕೇಟ್ಸ್’ ಎಂದು ಹುಡುಕಿ, ಕೀಲಿಯನ್ನು ಪಿಎಫ್‌ಎಕ್ಸ್ ಆಗಿ ಎರಡು ಪೆನ್ ಡ್ರೈವ್‌ಗೆ ಹಾಕಿ, ಒಂದನ್ನು ತವರಿನಲ್ಲಿ ಇಡಿ.

ಈ ವಾರದಲ್ಲೇ ಆ ಕಾಪಿ ಕೆಲಸ ಮುಗಿಸಿ. ಪ್ರೊಟೆಕ್ಟ್ ಒಳಗಿನ ಫೋಲ್ಡರಿನ ಹೆಸರು ಮತ್ತು ಸೆಕ್ಯುರಿಟಿ ಟ್ಯಾಬ್‌ನಲ್ಲಿ ಕಂಡ ನಂಬರು ಎರಡೂ ಒಂದೇ ಆಗಿವೆಯಾ, ಕ್ರಿಪ್ಟೋ ಫೋಲ್ಡರಿನ ಒಳಗೆ ಫೈಲ್ ಇದೆಯಾ, ಇಷ್ಟನ್ನು ನನಗೆ ಬರೆದು ತಿಳಿಸಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ, ಅದು ನನಗೆ ಬೇಕಿಲ್ಲ.